ಸುಡು ಪಟ್ಟಿಯ ಕೊನೆಯ ಸಂಖ್ಯೆ

ಆ ಪ್ರೋಗ್ರಾಮನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಊಟದ ಡಬ್ಬಿ ತೊಳೆದಿಟ್ಟು ಕೂತವಳು, ಬಿಡದಿಗೆ ಹೋಗುವ ಸಂಜೆಯ ರೈಲು ಬರುವುದರೊಳಗೆ ಎದ್ದಿದ್ದೆ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಮೆರೆದದ್ದೂ ಉಂಟು. ಈಗ ಆ ಮಾತು ಬಂದರೆ ಎದ್ದು ನೀರು ಕುಡಿಯಲು ಹೋಗುತ್ತೇನೆ.

ಇದು ನಡೆದದ್ದು ಚನ್ನಪಟ್ಟಣದ ಹೊರಗಿನ ಒಂದು ಖಾಸಗಿ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ. ರೇಷ್ಮೆ ಬೆಳೆಯುವವರಿಗೆ ಇದೇ ಬಿತ್ತನೆಯ ಮನೆ. ಗೂಡಿನಿಂದ ಹೊರಬಂದ ಚಿಟ್ಟೆಗಳು ಇಲ್ಲಿ ಮೊಟ್ಟೆ ಇಡುತ್ತವೆ. ಆ ಮೊಟ್ಟೆ ಚಾಕಿ ಕೇಂದ್ರಕ್ಕೆ ಹೋಗಿ ಮರಿಯಾಗಿ, ಎರಡು ಜ್ವರ ದಾಟಿದ ಮೇಲೆ ರೈತರ ಹುಳುಮನೆ ಸೇರುತ್ತದೆ. ಪೊರೆ ಬಿಡಲು ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ. ಕಾಯಿಲೆ ಎಂದರೆ ಪೆಬ್ರಿನ್, ಗಂಟುರೋಗ. ತಾಯಿ ಚಿಟ್ಟೆಗೆ ಅದು ಇದ್ದರೆ ಮೊಟ್ಟೆಯೊಳಗೇ ಮರಿಗೆ ಇಳಿಯುತ್ತದೆ, ಅದಕ್ಕೆ ಮದ್ದಿಲ್ಲ. ಹಾಗಾಗಿ ಮೊಟ್ಟೆ ಇಟ್ಟು ಮುಗಿದ ತಾಯಿ ಚಿಟ್ಟೆಗಳನ್ನು ಸಣ್ಣ ಒರಳಿನಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅಕ್ಕಿ ಕಾಳಿನ ಆಕಾರದ, ಹೊಳೆಯುವ ಕಣಗಳು ಕಂಡರೆ ಆ ಲಾಟಿನ, ಅಂದರೆ ಅದೇ ಕಂತಿನಲ್ಲಿ ಬಂದ ಚಿಟ್ಟೆಗಳ, ಮೊಟ್ಟೆಯನ್ನೆಲ್ಲ ಸುಡಬೇಕು.

ಆ ನೋಡುವ ಕೆಲಸ ಒಬ್ಬ ಹೆಂಗಸಿನದು. ದೊಡ್ಡಮಳೂರಿನಿಂದ ಬರುತ್ತಿದ್ದರು, ಅರವತ್ತಕ್ಕೆ ಹತ್ತಿರದವರು. ನಾನು ಅಕ್ಕ ಎನ್ನುತ್ತಿದ್ದೆ, ಮಾಲೀಕರೂ ಹಾಗೇ ಕರೆಯುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದಲೋ ಏನೋ ಅವರು ಆ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತಿದ್ದರು. ನೋಡಿದ್ದನ್ನು ಪಕ್ಕದ ಸ್ಲೇಟಿನ ಮೇಲೆ ಬಳಪದಲ್ಲಿ ಗುರುತು ಹಾಕಿಕೊಂಡು, ಕೆಲಸ ಮುಗಿದ ಮೇಲೆ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡಿ, ಸ್ಲೇಟು ಒರೆಸಿ ಮನೆಗೆ ಹೋಗುತ್ತಿದ್ದರು.

ಅವರ ಫೈಲಿಗೆ ಒಂದು ಶಿಸ್ತಿತ್ತು. ಒಳ್ಳೆಯ ಲಾಟಿಗೆ ಒಂದೊಂದು ಸಾಲು: ಲಾಟ್ 38, ಚಿಟ್ಟೆ ಇಷ್ಟು, ಸರಿ. ಲಾಟ್ 39, ಚಿಟ್ಟೆ ಇಷ್ಟು, ಸರಿ. ರೋಗದ ಲಾಟು ಈ ಸಾಲುಗಳಲ್ಲಿ ಬರುವುದೇ ಇಲ್ಲ. ಅದು ಎಲ್ಲಕ್ಕಿಂತ ಕೆಳಗೆ, ‘ಸುಡು’ ಎಂಬ ಪದದ ಮುಂದೆ ಬರುತ್ತದೆ. ರೋಗದ ಲಾಟಿಗೂ ಒಂದೊಂದು ಸಾಲು ಯಾಕೆ ಬರೆಯುವುದಿಲ್ಲ ಎಂದು ನಾನು ಒಮ್ಮೆ ಕೇಳಿದ್ದೆ.

“ಕೆಟ್ಟ ಮಾತ ಸಾಲ್‌ಸಾಲಿಗೂ ಬರೀಬಾರ್ದು ಕಣವ್ವ. ಒಂದೇ ಸಲ ಬರ್ದು ಕೈ ತೊಳ್ಕೋಬೇಕು,” ಎಂದಿದ್ದರು.

ನಾನು ನಕ್ಕಿದ್ದೆ. ಈ ಮಾತನ್ನು ನೆಟ್ಟಗೆ ಕೇಳಿಸಿಕೊಂಡಿದ್ದರೆ ನಾನು ಈ ಬರಹ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಟೈಪ್ ಮಾಡಿದ ಮೇಲೂ ಅವರಿಗೆ ಒಂದು ಕೆಲಸ ಉಳಿಯುತ್ತಿತ್ತು. ಮಹಡಿಯ ಮೊಟ್ಟೆ ಕೋಣೆಗೆ ಹತ್ತಿ, ಸುಡಬೇಕಾದ ಲಾಟಿನ ತಟ್ಟೆಗಳಿಗೆ ತಾವೇ ಕೆಂಪು ದಾರ ಕಟ್ಟಿ ಬರುವುದು. ಕಟ್ಟಿದ್ದನ್ನು ಸುಡುವಾಗಲೂ ಎದುರಿಗೇ ನಿಂತಿರುತ್ತಿದ್ದರು. ಆ ವರ್ಷ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ವಾಪಸು ಬಂದ ಮೇಲೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು. ಮಾಲೀಕರು ಕೇಂದ್ರದ ಲೆಕ್ಕಪತ್ರ ನೋಡುತ್ತಿದ್ದ ನನ್ನನ್ನು ಕರೆದು, ಅಕ್ಕನಿಗೆ ಈ ಹತ್ತಿ ಇಳಿಯುವ ಕಷ್ಟ ತಪ್ಪಿಸುವ ಹಾಗೆ ಏನಾದರೂ ಮಾಡಲಾಗುತ್ತದೆಯೇ ಎಂದು ಕೇಳಿದರು. ನಾನು ಬಿಡದಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳು ಉಗುಳುವ ಉದ್ದುದ್ದ ಲಾಗ್ ಫೈಲುಗಳಿಂದ ಬೇಕಾದ ಸಂಖ್ಯೆ ಹೆಕ್ಕುವ ಕೆಲಸ ಮಾಡಿ ಬಂದವಳು. ಇಪ್ಪತ್ತು ಸಾಲಿನ ಫೈಲು ನನಗೆ ಯಾವ ಲೆಕ್ಕ?

ಯೋಜನೆ ಸರಳವಾಗಿತ್ತು. ಅಕ್ಕ ಟೈಪ್ ಮಾಡಿದ ಫೈಲನ್ನು ನನ್ನ ಪ್ರೋಗ್ರಾಂ ಓದುತ್ತದೆ, ಯಾವ ಲಾಟು ಕಳಿಸಬೇಕು, ಯಾವುದು ಸುಡಬೇಕು ಎಂಬ ಶೀಟು ಪ್ರಿಂಟ್ ಆಗುತ್ತದೆ. ಅದನ್ನು ಮೊಟ್ಟೆ ಕೋಣೆಯ ಬಾಗಿಲಿಗೆ ಅಂಟಿಸುತ್ತೇವೆ, ಅಲ್ಲಿನ ಕೆಲಸದವರು ಅದರಂತೆ ಮಾಡುತ್ತಾರೆ. ಅಕ್ಕ ಮೇಲೆ ಹತ್ತುವ ಹಾಗಿಲ್ಲ.

ಫೈಲಿನಿಂದ ಸಂಖ್ಯೆ ಹೆಕ್ಕಲು ನಾನು ಬಳಸಿದ್ದು ರೆಗ್ಯುಲರ್ ಎಕ್ಸ್‌ಪ್ರೆಶನ್. ಹುಡುಕಬೇಕಾದ ಬರಹ ಹೇಗಿರುತ್ತದೆ ಎಂದು ಯಂತ್ರಕ್ಕೆ ಬರೆದುಕೊಡುವ ಒಂದು ನಮೂನೆ ಅದು. ಮೊದಲು ‘ಸರಿ’ ಎಂದಿರುವ ಸಾಲುಗಳನ್ನೇ ಹೆಕ್ಕೋಣ ಎಂದುಕೊಂಡೆ. ಆದರೆ ಅಕ್ಕನ ಒಂಟಿ ಬೆರಳು ಒಂದೊಂದು ದಿನ ಒಂದೊಂದು ಥರ ಬಡಿಯುತ್ತಿತ್ತು. ಎಲ್ಲೋ ‘ಸರಿ’, ಎಲ್ಲೋ ‘ಸರಿ ಇದೆ’, ಅವಸರವಿದ್ದ ದಿನ ಬರೀ ಒಂದು ಗೀಟು. ಅವಕ್ಕೆಲ್ಲ ನಮೂನೆ ಬರೆಯಲು ನನಗೆ ಬೇಸರವಾಯಿತು. ‘ಸುಡು’ ಎಂಬ ಸಾಲು ಮಾತ್ರ ಯಾವತ್ತೂ ಒಂದೇ ಥರ ಇರುತ್ತಿತ್ತು. ಸರಿ, ಆ ದಿನ ಬಂದ ಲಾಟುಗಳ ಒಟ್ಟು ಪಟ್ಟಿ ರಿಜಿಸ್ಟರಿನಲ್ಲಿ ಇದ್ದೇ ಇದೆ, ಅದರಿಂದ ಸುಡುವುದನ್ನು ಕಳೆದರೆ ಉಳಿದದ್ದೆಲ್ಲ ಒಳ್ಳೆಯದು ಎಂದು ತೀರ್ಮಾನಿಸಿದೆ.

‘ಸುಡು’ ಎಂಬ ಪದ, ಮುಂದೆ ಒಂದು ಸಂಖ್ಯೆ, ಬೇಕಿದ್ದರೆ ಒಂದು ಅಲ್ಪವಿರಾಮ, ಈ ಸಂಖ್ಯೆ, ಅಲ್ಪವಿರಾಮದ ಜೋಡಿ ಎಷ್ಟು ಸಲವಾದರೂ ಬರಬಹುದು. ಇದು ನನ್ನ ನಮೂನೆ. ಹಳೆಯ ನಲವತ್ತು ಫೈಲುಗಳ ಮೇಲೆ ಓಡಿಸಿ ನೋಡಿದೆ. ಒಂದೂ ತಪ್ಪಲಿಲ್ಲ. ಆ ನಲವತ್ತರಲ್ಲಿ ಬಹುತೇಕ ದಿನ ಸುಡುವ ಲಾಟೇ ಇರಲಿಲ್ಲ, ಇದ್ದ ದಿನ ಒಂದೇ ಒಂದು ಇತ್ತು. ಎರಡಿದ್ದರೆ, ಮೂರಿದ್ದರೆ ಏನಾಗುತ್ತದೆ ಎಂದು ಒಂದು ಸುಳ್ಳು ಫೈಲು ಮಾಡಿ ನೋಡಲು ಎರಡು ನಿಮಿಷ ಸಾಕಿತ್ತು. ನಾನು ನೋಡಲಿಲ್ಲ. ರೈಲಿಗೆ ಹೊತ್ತಾಗಿತ್ತು.

ಶೀಟು ಅಂಟಿಸಿದ ಮೊದಲ ದಿನ ಅಕ್ಕ ಕೆಂಪು ದಾರದ ಉಂಡೆ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಶೀಟು ಇದ್ದರೆ ಇರಲಿ, ದಾರ ಕಟ್ಟುವುದನ್ನು ಮಾತ್ರ ಬಿಡಿಸಬೇಡಿ ಎಂದು ಕೇಳಿದರು. ಎರಡೆರಡು ಕಡೆ ಗುರುತಿದ್ದರೆ ಗೊಂದಲವಾಗುತ್ತದೆ ಅಕ್ಕ ಎಂದು ನಾನೇ ಹೇಳಿದೆ. ಉಂಡೆಯನ್ನು ನನ್ನ ಮೇಜಿನ ಖಾನೆಯಲ್ಲಿ ಹಾಕಿಟ್ಟೆ. ಟೈಪ್ ಮಾಡುವ ಲ್ಯಾಪ್‌ಟಾಪೂ ನನ್ನ ಮೇಜಿಗೇ ಬಂತು. ಅಕ್ಕ ಟೈಪ್ ಮಾಡಿ ಮುಗಿಸಿ, ಕಣ್ಣಿಗೆ ಹನಿ ಹಾಕಿಕೊಳ್ಳುವ ಹೊತ್ತಾಯಿತೆಂದು ಬೇಗ ಮನೆಗೆ ಹೋಗತೊಡಗಿದರು. ಅವರಿಗೆ ಉಪಕಾರ ಮಾಡಿದೆ ಎಂದೇ ನಾನು ನಂಬಿದ್ದೆ.

ಎರಡು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಕನಕಪುರದ ಕಡೆಯ ಚಾಕಿ ಕೇಂದ್ರದವರು ಮಾಲೀಕರಿಗೆ ಫೋನ್ ಮಾಡಿದರು. ಅವರು ಮಾಗಡಿ ತಾಲ್ಲೂಕಿನ ಒಂದು ಊರಿನ ಮನೆಗೆ ಕೊಟ್ಟ ಹುಳು ಮೂರನೇ ಜ್ವರದಲ್ಲಿ ಸಮವಾಗಿ ಮಲಗುತ್ತಿಲ್ಲ, ಅರ್ಧ ಮಲಗಿದೆ, ಅರ್ಧ ಇನ್ನೂ ತಿನ್ನುತ್ತಿದೆ ಎಂದರು. ಎರಡನೇ ಜ್ವರದಲ್ಲೇ ಸ್ವಲ್ಪ ಹಿಂದುಮುಂದು ಇತ್ತಂತೆ, ಬಿಸಿಲಿನ ಕಾವು ಅಂದುಕೊಂಡರಂತೆ. ಹುಳು ನಮ್ಮಲ್ಲಿಂದ ಹೋದ 41 ಮತ್ತು 44ನೇ ಲಾಟಿನದು. ಎರಡೂ ಸಣ್ಣ ಲಾಟು, ಬೇರೆ ಯಾರಿಗೂ ಹೋಗಿರಲಿಲ್ಲ.

ಮಾಲೀಕರು ಮಾಗಡಿಗೆ ಹೊರಟರು, ಲಾಟಿನ ದಾಖಲೆ ಹಿಡಿದುಕೊಂಡು ನಾನೂ ಹೋದೆ. ಹುಳುಮನೆ ಶುದ್ಧವಾಗಿತ್ತು. ಬಾಗಿಲಲ್ಲಿ ಸುಣ್ಣದ ಪುಡಿ, ಕಾಲು ಅದ್ದುವ ನೀರು, ಎಲ್ಲ ಕ್ರಮವಾಗಿತ್ತು. ಒಳಗೆ ತಟ್ಟೆಗಳಲ್ಲಿ ದೊಡ್ಡ ಹುಳು, ಸಣ್ಣ ಹುಳು ಒಟ್ಟಿಗೇ ತೆವಳುತ್ತಿದ್ದವು, ಕೆಲವುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿ. ಸಾಕುತ್ತಿದ್ದ ಹೆಂಗಸು ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಆ ಮನೆಯಲ್ಲಿ ಅದು ಅವಳೊಬ್ಬಳೇ ನೋಡಿಕೊಂಡ ಮೊದಲ ಬೆಳೆಯಂತೆ. ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

“ಸೊಪ್ಪು ಒಂದೊತ್ತೂ ತಪ್ಸಿಲ್ಲ ಕಣಣ್ಣ. ಒದ್ದೆ ಸೊಪ್ಪು ಹಾಕಿಲ್ಲ. ನನ್ ಕೈಯಲ್ಲಿ ಏನ್ ತಪ್ಪಾಗೈತೆ ಅಂತ ಹೇಳ್ಬುಡಿ,” ಎಂದು ಅವಳು ಮಾಲೀಕರನ್ನು ಕೇಳಿದಳು.

ಮಾಲೀಕರು ತಟ್ಟೆಗಳ ಮೇಲೆ ಬಗ್ಗಿ ನೋಡಿದರು. ಒಂದಷ್ಟು ಹುಳುಗಳನ್ನು ಡಬ್ಬಿಗೆ ಹಾಕಿಸಿಕೊಂಡರು.

ನಾವು ಕೇಂದ್ರಕ್ಕೆ ಬಂದೊಡನೆ ಅಕ್ಕ ಆ ಹುಳು ಅರೆದು ಗಾಜಿನ ಮೇಲಿಟ್ಟರು. ಕಣ್ಣು ಇಟ್ಟ ಮರುಕ್ಷಣ ಹಿಂದೆ ಸರಿದು, ಮತ್ತೆ ಬಗ್ಗಿದರು. “ತುಂಬ್ಕೊಂಡೈತೆ,” ಎಂದರು. ಕಣ್ಣು ತೆಗೆಯದೆಯೇ, “ಇಷ್ಟೊಂದ್ ಇರೋದ್ನ ನಾನ್ ಹೆಂಗ್ ಬುಟ್ಟೆ?” ಎಂದು ತಮ್ಮನ್ನೇ ಕೇಳಿಕೊಂಡರು.

ಕಣ ಕಂಡದ್ದು ಆಪರೇಷನ್ ಆದ ಅದೇ ಕಣ್ಣಿಗೆ, ಒಂದೇ ಕ್ಷಣದಲ್ಲಿ. ಇದು ನಮ್ಮ ಮೂವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಮಾಲೀಕರು ಆ ಲಾಟುಗಳನ್ನು ಪರೀಕ್ಷಿಸಿದ ದಿನದ ಶೀಟು ತರಿಸಿದರು. ಸುಡುವ ಲಾಟು 57, ಒಂದೇ. 41, 44 ಕಳಿಸುವ ಪಟ್ಟಿಯಲ್ಲಿದ್ದವು. ಶೀಟು ಸರಿ ಇದೆಯೇನಮ್ಮ ಎಂದು ನನ್ನನ್ನು ಕೇಳಿದರು. ಕೊಟ್ಟದ್ದನ್ನೇ ಕಂಪ್ಯೂಟರ್ ಬರೆಯುತ್ತದೆ ಸಾರ್, ಅದು ತಾನಾಗಿ ಏನೂ ಮಾಡುವುದಿಲ್ಲ ಎಂದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನದು ಎಂದು ಅವತ್ತು ತಿಳಿದಿರಲಿಲ್ಲ.

ಆಗ ಅಕ್ಕ ನನ್ನ ಮೇಜಿನ ಹತ್ತಿರ ಬಂದರು. “ಅವತ್ತು ಒಂದಲ್ಲ, ಜಾಸ್ತಿ ಇತ್ತು ಅಂತ ಒಸಿ ಜ್ಞಾಪ್ಕ ಕಣವ್ವ. ನಾನ್ ಟೈಪ್ ಮಾಡಿದ್ದನ್ನ ಒಂದ್ಸಲ ತೆಗ್ದು ನೋಡ್ತೀಯಾ?”

ಫೈಲು ನನ್ನ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಲ್ಲೇ ಇತ್ತು. ತೆರೆಯಲು ಅರ್ಧ ನಿಮಿಷ ಬೇಕಿರಲಿಲ್ಲ. “ಶೀಟು ಅದರಿಂದಲೇ ಬಂದಿರೋದಲ್ವಾ ಅಕ್ಕ,” ಎಂದೆ. ದನಿ ಮೃದುವಾಗಿಯೇ ಇತ್ತು, ವಯಸ್ಸಾದವರಿಗೆ ಸಮಾಧಾನ ಹೇಳುವ ದನಿ. ಇವತ್ತಿಗೂ ನನಗೆ ಹೆಚ್ಚು ನಾಚಿಕೆಯಾಗುವುದು ಪ್ರೋಗ್ರಾಮಿನ ತಪ್ಪಿಗಲ್ಲ, ಆ ದನಿಗೆ.

ಅಕ್ಕ ತಲೆಯಾಡಿಸಿದರು. ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ, ಆಮೇಲೂ ಬರಲಿಲ್ಲ. ಮಾಲೀಕರು ಬಿಡಿಸಿದ್ದಲ್ಲ. ಇನ್ನು ನನ್ನಿಂದ ಆಗುವುದಿಲ್ಲ, ನನ್ನ ಕಣ್ಣಿಂದ ಒಂದು ಮನೆಯ ಬೆಳೆ ಹೋಯಿತು ಎಂದು ಅವರೇ ಹೇಳಿ ಕಳಿಸಿದ್ದರು. ಮೈಕ್ರೋಸ್ಕೋಪಿಗೆ ರಾಮನಗರದಿಂದ ಹೊಸಬಳೊಬ್ಬಳು ಬಂದಳು.

ಮೂರನೆಯ ದಿನ, ಹೊಸಬಳಿಗೆ ಟೈಪ್ ಮಾಡುವ ಕ್ರಮ ತೋರಿಸಲೆಂದು ನಾನು ಆ ಹಳೆಯ ಫೈಲನ್ನೇ ತೆರೆದೆ. ಬೇಕೆಂದು ತೆರೆದದ್ದಲ್ಲ, ಕೈಗೆ ಸಿಕ್ಕಿದ್ದು ಅದು. ಕೊನೆಯ ಸಾಲು ಹೀಗಿತ್ತು:

ಸುಡು: 41, 44, 57

ಹೊಸಬಳನ್ನು ಚಹಾ ಕುಡಿದು ಬಾ ಎಂದು ಕಳಿಸಿದೆ. ತಪ್ಪು ಎಲ್ಲಿದೆ ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನ್ನ ನಮೂನೆ ಮೂರೂ ಸಂಖ್ಯೆಗಳನ್ನು ಗುರುತಿಸುತ್ತಿತ್ತು ನಿಜ. ಆದರೆ ಗುರುತಿಸಿದ್ದನ್ನು ಇಟ್ಟುಕೊಳ್ಳಲು ಅದಕ್ಕೆ ನಾನು ಕೊಟ್ಟಿದ್ದು ಒಂದೇ ಜಾಗ. ಒಂದೇ ಕೈಯಲ್ಲಿ ಹಣ್ಣು ಆಯುವವರು ಹೊಸ ಹಣ್ಣು ಕಂಡಾಗ ಕೈಯಲ್ಲಿದ್ದದ್ದನ್ನು ಕೆಳಗೆ ಹಾಕಿ ಅದನ್ನು ಹಿಡಿದ ಹಾಗೆ, ಯಂತ್ರ 41 ಹಿಡಿದು ಬಿಟ್ಟಿತು, 44 ಹಿಡಿದು ಬಿಟ್ಟಿತು, ಕೊನೆಗೆ ಕೈಯಲ್ಲಿ ಉಳಿದದ್ದು 57. ಈ ಕೆಲಸ ಕಲಿಯುವವರು ಎಲ್ಲರೂ ಒಂದಲ್ಲ ಒಂದು ದಿನ ಬೀಳುವ ಹಳ್ಳ ಇದು. ಬಿಡದಿಯಲ್ಲಿ ನಾನೇ ಇಬ್ಬರಿಗೆ ಇದನ್ನು ಹೇಳಿಕೊಟ್ಟಿದ್ದೆ. ಹೋಗಲಿ, ‘ಸರಿ’ ಎಂದು ಬರೆದದ್ದನ್ನು ಮಾತ್ರ ಕಳಿಸುವಂತೆ ಮಾಡಿದ್ದರೆ, ಕೈಬಿಟ್ಟ ಎರಡು ಲಾಟು ಯಾವ ಪಟ್ಟಿಯಲ್ಲೂ ಬಾರದೆ ಅಲ್ಲೇ ಉಳಿದು ಯಾರಾದರೂ ಪ್ರಶ್ನೆ ಕೇಳುತ್ತಿದ್ದರು. ‘ಸುಡು’ ಸಾಲಿನಲ್ಲಿ ಯಂತ್ರದ ಕೈಗೆ ಸಿಗದ್ದನ್ನೆಲ್ಲ ನಾನು ಆರೋಗ್ಯವೆಂದು ಬರೆದು ಕಳಿಸಿದ್ದೆ.

ಪ್ರೋಗ್ರಾಂ ಅರ್ಧ ಗಂಟೆಯಲ್ಲಿ ಸರಿಯಾಯಿತು. ಮೊದಲು ‘ಸುಡು’ ಸಾಲನ್ನು ಇಡಿಯಾಗಿ ಎತ್ತಿಕೊಳ್ಳುವುದು, ಆಮೇಲೆ ಅದರೊಳಗಿನ ಸಂಖ್ಯೆಗಳನ್ನು ಒಂದೊಂದಾಗಿ ಬಿಡಿಸುವುದು. ‘ಸರಿ’ ಸಾಲುಗಳನ್ನೂ ಅವುಗಳ ಎಲ್ಲ ವೇಷಗಳಲ್ಲಿ ಓದಿಸಿದೆ. ಎರಡೂ ಕೂಡಿಸಿದರೆ ರಿಜಿಸ್ಟರಿನ ಒಟ್ಟು ಬರದಿದ್ದರೆ ಶೀಟೇ ಪ್ರಿಂಟ್ ಆಗದಂತೆ ಮಾಡಿದೆ. ಇದೆಲ್ಲ ಮೊದಲ ಮಧ್ಯಾಹ್ನವೇ ಆಗಬಹುದಾಗಿದ್ದ ಕೆಲಸ.

ಅವತ್ತೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಎರಡು ತಿಂಗಳ ಫೈಲುಗಳನ್ನೆಲ್ಲ ಮತ್ತೆ ಓಡಿಸಿ, ಬೇರೆ ಎಲ್ಲೂ ತಪ್ಪಿಲ್ಲವೆಂದು ಖಚಿತಪಡಿಸಿಕೊಂಡು ಹೇಳೋಣ ಎಂದುಕೊಂಡೆ. ಅದು ಸಂಜೆಯೊಳಗೆ ಮುಗಿಯಿತು. ಒಂದಕ್ಕಿಂತ ಹೆಚ್ಚು ಲಾಟು ಸುಡಬೇಕಿದ್ದ ದಿನ ಅದೊಂದೇ. ಆಮೇಲೆ, ಮಾಲೀಕರ ಮನಸ್ಸು ಸ್ವಲ್ಪ ತಣಿಯಲಿ ಎಂದುಕೊಂಡೆ. ಆಮೇಲೆ ಹೊಸಬಳು ಕೆಲಸ ಕಲಿಯಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಕಾರ್ಖಾನೆಯಿಂದ ಬಂದವಳೆಂದು ಮೆರೆದವಳು, ಇಪ್ಪತ್ತು ಸಾಲು ಓದಿಸಲು ಬರಲಿಲ್ಲ ಎನ್ನುತ್ತಾರಲ್ಲ ಎಂಬ ಹೆದರಿಕೆ. ಯಾರಾದರೂ ಶೀಟು ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು.

ಒಂದು ವಿಚಾರ ಆ ದಿನಗಳಲ್ಲಿ ರೈಲಿನಲ್ಲಿ ಕೂತಾಗೆಲ್ಲ ಕಾಡಿತು. ಮಾಗಡಿಯ ಹೆಂಗಸು ತನ್ನ ಸೊಪ್ಪನ್ನು ಸಂಶಯಿಸಿದಳು. ಚಾಕಿಯವರು ಬಿಸಿಲನ್ನು ಸಂಶಯಿಸಿದರು. ಅಕ್ಕ ತಮ್ಮ ಕಣ್ಣನ್ನೇ ಸಂಶಯಿಸಿದರು. ತನ್ನ ಕೆಲಸವನ್ನು ಒಂದು ಸಲವೂ ಸಂಶಯಿಸದೆ ಇದ್ದವಳು ನಾನೊಬ್ಬಳೇ.

ಕೊನೆಗೆ ನನ್ನ ಬಾಯಿ ಬಿಡಿಸಿದ್ದು ಅಕ್ಕನ ಒಂದು ಫೋನು. ಅವರು ರಾಮನಗರದ ಕಣ್ಣಿನ ಆಸ್ಪತ್ರೆಯಿಂದ ಮಾತಾಡುತ್ತಿದ್ದರು. ಮೈಕ್ರೋಸ್ಕೋಪಿನ ಗಾಜು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂದು ಡಾಕ್ಟರಿಗೆ ಹೇಳಬೇಕಂತೆ, ನೋಡಿ ಹೇಳು ಎಂದರು. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಕಣ್ಣು ಚೆನ್ನಾಗಿದೆ ಎಂದಿದ್ದರಂತೆ. ಅಕ್ಕನಿಗೆ ನಂಬಿಕೆಯಿರಲಿಲ್ಲ. ಮನೆಯಲ್ಲಿ ಅಕ್ಕಿಯ ಕಲ್ಲು ಆರಿಸುವುದನ್ನೂ ಸೊಸೆಗೆ ಬಿಟ್ಟಿದ್ದೇನೆ ಎಂದರು.

“ಚೆಂದಾಗೈತೆ ಅಂತಾರೆ. ಚೆಂದಾಗಿದ್ರೆ ಅದ್ಯಾಕ್ ಕಾಣ್ನಿಲ್ಲ ಹೇಳು?”

ನಾಳೆ ಮನೆಗೇ ಬರುತ್ತೇನೆ ಎಂದೆ.

ಮಾರನೆಯ ಬೆಳಿಗ್ಗೆ ಮೊದಲು ಮಾಲೀಕರ ಕೋಣೆಗೆ ಹೋಗಿ, ಫೈಲಿನ ಪ್ರತಿ ಮತ್ತು ಶೀಟು ಎರಡನ್ನೂ ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಎರಡೂ ಕಾಗದಗಳ ಮೇಲೆ ಬೆರಳಿಟ್ಟು ಒಂದೊಂದೇ ಸಂಖ್ಯೆ ಓದಿದರು. ಮಾಗಡಿಗೆ ಅಲ್ಲಿಂದಲೇ ಫೋನ್ ಮಾಡಿಸಿ ನನ್ನ ಕೈಗೆ ಕೊಟ್ಟರು. ನಿಮ್ಮ ಸೊಪ್ಪಿನ ತಪ್ಪಲ್ಲ, ತಪ್ಪು ನಾನು ಬರೆದ ಪ್ರೋಗ್ರಾಮಿನದು ಎಂದೆ. ಆ ಹೆಂಗಸು “ಇದನ್ನೇ ನಮ್ಮತ್ತೆಗೂ ಹೇಳ್ಬುಡಿ,” ಎಂದು ಫೋನನ್ನು ಅತ್ತೆಗೆ ಕೊಟ್ಟಳು. ಅವಳ ಹುಳುವನ್ನೆಲ್ಲ ಅಷ್ಟು ಹೊತ್ತಿಗೆ ಸುಟ್ಟು ಹೂತಾಗಿತ್ತು.

ದೊಡ್ಡಮಳೂರಿನಲ್ಲಿ ಅಕ್ಕ ಜಗಲಿಯ ಮೇಲೆ ಕೂತಿದ್ದರು. ಕಾಗದ ಕೊಟ್ಟೆ. ಕನ್ನಡಕ ಹುಡುಕದೆ, ಕೈ ಚಾಚಿ ದೂರ ಹಿಡಿದು, ಕೊನೆಯ ಸಾಲನ್ನು ತಡವರಿಸದೆ ಓದಿದರು. ನಲವತ್ತೊಂದು, ನಲವತ್ತನಾಲ್ಕು, ಐವತ್ತೇಳು. ನಾನು ತಪ್ಪಾಯಿತು ಅಕ್ಕ ಎಂದೆ. ಯಂತ್ರ ಎರಡನ್ನು ಹೇಗೆ ಕೈಬಿಟ್ಟಿತೆಂದು ವಿವರಿಸಲು ಹೋದೆ. ಅವರಿಗೆ ಅದು ಬೇಕಿರಲಿಲ್ಲ.

“ಇದು ನಿಂಗೆ ಗೊತ್ತಾಗಿ ಎಷ್ಟ್ ದಿನ ಆಯ್ತು?”

“ಹನ್ನೆರಡು ದಿನ ಅಕ್ಕ.”

ಕಾಗದವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. “ಮೂರ್ನೇ ಜ್ವರ ಎದ್ದ ಹುಳ ಅಷ್ಟ್ ದಿನಕ್ಕೆ ಹಣ್ಣಾಗಿ ಗೂಡ್ ಕಟ್ಟೋಕ್ ನಿಲ್ತದೆ, ಕಣವ್ವ,” ಎಂದರು. ಸೊಸೆ ತಂದ ಕಾಫಿಯನ್ನು ನನಗೆ ಬಲವಂತ ಮಾಡಿ ಕುಡಿಸಿದರು. ಬೈದಿದ್ದರೆ ನುಂಗುವುದು ಸುಲಭವಾಗುತ್ತಿತ್ತು.

ಮಾಲೀಕರು ಹೋಗಿ ಕರೆದ ಮೇಲೆ ಅಕ್ಕ ಕೆಲಸಕ್ಕೆ ವಾಪಸು ಬಂದರು. ಕೆಂಪು ದಾರ ಮತ್ತೆ ಶುರುವಾಯಿತು. ಮಹಡಿ ಹತ್ತಿ ಕಟ್ಟುವವಳು ನಾನು, ಶೀಟಿಗೂ ದಾರಕ್ಕೂ ತಾಳೆ ನೋಡುವವಳು ಹೊಸಬಳು. ಪ್ರೋಗ್ರಾಂ ಆಮೇಲೆ ಒಂದು ಸಂಖ್ಯೆಯನ್ನೂ ಬಿಟ್ಟಿಲ್ಲ. ಎಲ್ಲ ಮೊದಲಿನಂತೆ ಆಯಿತು ಎಂದು ಮಾಲೀಕರು ಹೇಳುತ್ತಾರೆ.

ಆದರೆ ಮೊದಲಿನಂತೆ ಆಗದ್ದು ಒಂದಿದೆ. ಅಷ್ಟು ವರ್ಷ ಒಬ್ಬರೇ ನೋಡಿ, ಒಬ್ಬರೇ ತೀರ್ಮಾನಿಸಿ, ಒಬ್ಬರೇ ಬಳಪ ಹಿಡಿದ ಅಕ್ಕ ಈಗ ಒಂದು ಗಾಜನ್ನೂ ಒಬ್ಬರೇ ನೋಡಿ ಬಿಡುವುದಿಲ್ಲ. ಬಗ್ಗಿ ನೋಡುತ್ತಾರೆ, ತಲೆಯೆತ್ತುತ್ತಾರೆ, ನನ್ನ ಮೇಜಿನ ಕಡೆ ತಿರುಗುತ್ತಾರೆ. “ನೀನೂ ಒಂದ್ಸಲ ನೋಡ್ಬುಡವ್ವ,” ಎನ್ನುತ್ತಾರೆ. ಅಕ್ಕ, ನಿಮ್ಮ ಕಣ್ಣು ಚೆನ್ನಾಗಿದೆ ಎಂದು ಹೇಳಿ ಹೇಳಿ ಸಾಕಾಗಿದೆ. ಹೂಂ ಎನ್ನುತ್ತಾರೆ, ಕಾಯುತ್ತಾರೆ.

ಬರೆಯುತ್ತಿದ್ದುದನ್ನು ಬಿಟ್ಟು ಎದ್ದು ಹೋಗುತ್ತೇನೆ. ಒಂದು ಕಣ್ಣು ಮುಚ್ಚಿ ಬಗ್ಗುತ್ತೇನೆ. ಅವರು ಮೊದಲೇ ಕಂಡಿರುವುದೇ ನನಗೂ ಕಾಣುತ್ತದೆ, ಯಾವತ್ತೂ ಬೇರೆಯದು ಕಂಡಿಲ್ಲ. ನಾನು ಹೇಳುತ್ತೇನೆ. ಆಮೇಲೆ ಅವರು ಬಳಪ ತೆಗೆದುಕೊಳ್ಳುತ್ತಾರೆ.